ಕಂಪ್ಯೂಟರಿನ ಕುಲಾಯಿ

ಬೀದರಿನಿಂದ ಭಾಲ್ಕಿಗೆ ಹೊರಟ ಬಸ್ಸಿನಲ್ಲಿ ಸಂಘಪಾಲ ಕಂಪ್ಯೂಟರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಗಳಿಂದ ತಬ್ಬಿ ಕೂತಿದ್ದ. ಬಸ್ಸು ಗುಂಡಿಗೆ ಇಳಿದು ಎದ್ದಾಗಲೆಲ್ಲ ಡಬ್ಬಿಯೊಳಗೆ ಒಂದು ಸ್ಕ್ರೂ ಗಲ್ ಎಂದು ಉರುಳುತ್ತಿತ್ತು. ರಿಪೇರಿ ಅಂಗಡಿಯ ಕಲೀಮ ಅವಸರದಲ್ಲಿ ಒಳಗೇ ಬಿಟ್ಟ ಸ್ಕ್ರೂ. ಅದು ಎಲ್ಲಿ ಹೋಗಿ ಸಿಕ್ಕಿಕೊಂಡು ಇನ್ನೇನನ್ನು ಸುಡುತ್ತದೋ ಎಂದು ಅವನ ಜೀವ ಪ್ರತಿ ಸಲವೂ ಬಾಯಿಗೆ ಬರುತ್ತಿತ್ತು. ಪಕ್ಕದಲ್ಲಿ ಕಮಲನಗರಕ್ಕೆ ಹೊರಟ ಮುದುಕನೊಬ್ಬ ಬಹಳ ಹೊತ್ತಿನಿಂದ ಡಬ್ಬಿಯನ್ನೂ ಅವನ ಮುಖವನ್ನೂ ಅಳೆಯುತ್ತಿದ್ದವನು ತಡೆಯಲಾರದೆ ಕೇಳಿಯೇಬಿಟ್ಟ: "ಏನ್ರಿ ಅದು, ಮಿಕ್ಸರಾ?" "ಅಲ್ರಿ ಕಾಕಾ, ಕಂಪ್ಯೂಟರ್." "ಕೆಟ್ಟದೇನು?" "ಹೂಂರಿ. ಏನೂ ಕಾಣಸಲಾಕತ್ತಿಲ್ಲ." ಮುದುಕ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, ಎಮ್ಮೆಯ ಬಗ್ಗೆ ವಿಚಾರಿಸುವವನಂತೆ, "ಒಳಗ ಜೀವ ಅದಾ ಇಲ್ಲಾ?" ಎಂದ. ಬೆಳಗಿನಿಂದ ಸಂಘಪಾಲ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದದ್ದು ಅದನ್ನೇ.

ಜೀವ ಇರಬೇಕಾದದ್ದು ಡಬ್ಬಿಗಲ್ಲ, ಅದರೊಳಗಿದ್ದ ಅತ್ತೆಯ ಹಾಡುಗಳಿಗೆ. ಹೆಂಡತಿ ಮಹಾಮಾಯಾಳ ತಾಯಿ ಅಂಜನಾಬಾಯಿ ಔರಾದಿನ ವಿಹಾರದಲ್ಲಿ ಹುಣ್ಣಿಮೆ ಹುಣ್ಣಿಮೆಗೆ ಹಾಡುತ್ತಿದ್ದವಳು. ಬೀಸುವ ಕಲ್ಲಿನ ಹಾಡಿನ ಧಾಟಿಗೆ ಬಾಬಾಸಾಹೇಬರ ಮಾತು ಕೂಡಿಸಿ, ಕನ್ನಡದಲ್ಲಿ ಎತ್ತಿ ಮರಾಠಿಯಲ್ಲಿ ಇಳಿಸಿ, ನಡುವೆ ಎದುರು ಕೂತ ಹೆಂಗಸರ ಹೆಸರನ್ನೂ ಸೇರಿಸಿ ನಗಿಸುತ್ತಿದ್ದವಳು. ಗಂಟಲಿಗೆ ಹುಣ್ಣಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ ಮೇಲೆ, ಆಪರೇಷನ್ನಿಗೆ ಮುಂಚಿನ ದಿನಗಳಲ್ಲಿ ಸಂಘಪಾಲ ಆಕೆಯನ್ನು ಕೂರಿಸಿಕೊಂಡು ಹಾಡಿಸಿದ್ದ. ಹಾಡಿದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಜಾಗ ಬೇಕೆಂದು ರೆಕಾರ್ಡರಿನಲ್ಲಿದ್ದದ್ದನ್ನು ಅಳಿಸಿದ್ದ. ಇನ್ನೊಂದು ಪ್ರತಿ ಮಾಡಿಡಬೇಕು ಎಂದುಕೊಂಡದ್ದು ಎಂದುಕೊಂಡಲ್ಲೇ ಉಳಿದಿತ್ತು. ಈಗ ಅಂಜನಾಬಾಯಿ ಮಗಳ ಮನೆಯಲ್ಲಿ, ಕುತ್ತಿಗೆಯ ತೂತಿನ ಮೇಲೆ ತೆಳು ಬಿಳಿ ಬಟ್ಟೆ ಇಳಿಬಿಟ್ಟುಕೊಂಡು, ಮಾತಿಲ್ಲದೆ ಇದ್ದಳು. ಈ ಸಂಜೆ ಔರಾದಿನಲ್ಲಿ ಆಕೆಯ ಹಾಡು ಆಕೆಯ ಎದುರಿಗೇ ಕೇಳಿಸಬೇಕೆಂದು ಹೆಂಗಸರೆಲ್ಲ ಸೇರಿ ನಿಶ್ಚಯಿಸಿದ್ದರು.

ಕಲೀಮ ಒಳ್ಳೆಯವನೇ. ಡಬ್ಬಿ ಬಿಚ್ಚಿ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ಕಿತ್ತು, ಮೂಸಿ ನೋಡಿ, "ಸರ್, ಕಾರ್ಡ್ ಖತಂ" ಎಂದಿದ್ದ. ಆಮೇಲೆ ಕಾರ್ಡಿನ ಪುಟ್ಟ ಫ್ಯಾನಿನ ರೆಕ್ಕೆಯಿಂದ ಚಿಮಟಿಗೆಯಲ್ಲಿ ಒಂದು ನೀಲಿ ಉಣ್ಣೆಯ ಎಳೆಯನ್ನು ಎಳೆಎಳೆದು ತೆಗೆದು, "ಇದೇನ್ ಸರ್, ನಿಮ್ಮ ಕಾರ್ಡು ಒಳಗ ಕುಂತು ಸ್ವೆಟರ್ ಹೆಣೀಲಾಕತ್ತಿತ್ತಾ?" ಎಂದು ನಕ್ಕಿದ್ದ. ಅಂಗಡಿಯಲ್ಲಿದ್ದವರೂ ನಕ್ಕರು. ಸಂಘಪಾಲ ಆ ಎಳೆಯನ್ನು ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ, ಯಾಕೆಂದು ಅವನಿಗೇ ತಿಳಿಯಲಿಲ್ಲ. ಹಾಡುಗಳಾದರೂ ಇವೆಯೇ ನೋಡೋಣ ಎಂದು ಕಲೀಮ ಹಾರ್ಡ್ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಚುಚ್ಚಿದಾಗ, ಆ ಕಂಪ್ಯೂಟರು ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಎಂದರೆ ಇದ್ದದ್ದನ್ನೆಲ್ಲ ಒರೆಸಿಹಾಕಬೇಕು, ಮಾಡಲೇ ಎಂದು ಕೇಳಿತು. ಎಷ್ಟು ಸಲೀಸಾಗಿ ಕೇಳಿತು! ಕಲೀಮನೂ ಅಷ್ಟೇ ಸಲೀಸಾಗಿ, "ನಿಮ್ಮ ಲಿನಕ್ಸಿಂದು ನಮಗ ತಿಳಿಯಂಗಿಲ್ರಿ. ಟೆನ್ಶನ್ ನಕ್ಕೋ, ಚಿಂತಿ ಮಾಡಬ್ಯಾಡ್ರಿ. ಫಾರ್ಮ್ಯಾಟ್ ಹೊಡದು ವಿಂಡೋಸ್ ಹಾಕಿ ಕೊಡ್ತೇನಿ, ಹೊಸದರಂಗ ಆಗ್ತದ" ಎಂದ. ಸಂಘಪಾಲ ಅವನ ಕೈ ಹಿಡಿದೇಬಿಟ್ಟ. ತಾನು ವಿಂಡೋಸಿನ ಬದಲು ಹಾಕಿಕೊಂಡಿದ್ದ ಪುಕ್ಕಟೆ ಲಿನಕ್ಸಿನ ಡಿಸ್ಕು ವಿಂಡೋಸಿಗೆ ಓದಲು ಬರುವುದಿಲ್ಲ, ಓದಲಾರದ್ದನ್ನು ಅದು ಖಾಲಿ ಎನ್ನುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಆ ಹೊತ್ತಿಗೆ ಬಂದು ಬೆನ್ನು ತಟ್ಟಲಿಲ್ಲ. ಖಾಲಿ ಎಂದರೆ ನಿಜವಾಗಿಯೂ ಖಾಲಿಯೇ ಆಗಿದ್ದರೆ? ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅವನು ಸ್ಟಾಫ್ ರೂಮಿನಲ್ಲಿ, ನಾವು ಕಳ್ಳ ಕಾಪಿ ಬಳಸುವವರಲ್ಲ, ನಮ್ಮದಕ್ಕೆ ವೈರಸ್ ಹತ್ತಿರ ಸುಳಿಯುವುದಿಲ್ಲ ಎಂದು ಕೊಚ್ಚಿಕೊಂಡದ್ದೆಲ್ಲ ಒಟ್ಟಿಗೇ ನೆನಪಾಗಿ ಕಿವಿ ಬಿಸಿಯಾಯಿತು.

ಬಸ್ಸು ಹಲಬರ್ಗಾ ದಾಟಿತು. ಜೇಬಿನಲ್ಲಿದ್ದ ಉಣ್ಣೆಯ ಎಳೆ ಭಾರವಿಲ್ಲದ್ದು, ಆದರೂ ಅಲ್ಲಿರುವುದು ತಿಳಿಯುತ್ತಿತ್ತು. ಆಪರೇಷನ್ ಆದ ಮೇಲೆ ಅಂಜನಾಬಾಯಿಯ ಕೈಗಳು ಸುಮ್ಮನಿರಲಿಲ್ಲ. ಬಾಯಿಯ ಕೆಲಸವೆಲ್ಲ ಕೈಗೆ ಬಂದಂತೆ ಹೆಣೆದದ್ದೇ ಹೆಣೆದದ್ದು. ಟಿವಿಗೆ ಒಂದು, ಫ್ರಿಜ್ಜಿಗೆ ಒಂದು, ನೀರಿನ ಫಿಲ್ಟರಿಗೆ ಒಂದು. ಕಡೆಗೆ ಒಂದು ದಿನ ಕಂಪ್ಯೂಟರಿನ ಡಬ್ಬಿಗೂ, ಕೂಸಿನ ತಲೆಗೆ ಹಾಕುವ ಕುಲಾಯಿಯಂತೆ, ಅಂಚಿಗೆ ಬಿಳಿ ಗೊಂಡೆ ಬಿಟ್ಟ ನೀಲಿ ಕವಚ. ಡಬ್ಬಿಯ ಬೆನ್ನಿನ ಗಾಳಿಕಿಂಡಿಗಳೆಲ್ಲ ಅದರೊಳಗೆ ಮುಚ್ಚಿಹೋಗಿದ್ದವು. ಸಂಘಪಾಲ ಅದನ್ನು ಆ ದಿನವೇ ನೋಡಿದ್ದ. ಹೇಳಬೇಕು ಎಂದುಕೊಂಡಿದ್ದ. ಆದರೆ ಅತ್ತೆ ಬಾಗಿಲಲ್ಲಿ ನಿಂತು, ಹೇಗಿದೆ ಎಂದು ಹುಬ್ಬಿನಲ್ಲೇ ಕೇಳಿದಾಗ ಅವನು, "ಭಾಳ ಚಂದ ಆಗ್ಯಾದ್ರಿ ಅತ್ತಿ" ಎಂದುಬಿಟ್ಟಿದ್ದ. ತಿರುಗಿ ಮಾತಾಡಲಾಗದವರಿಗೆ ತಪ್ಪು ಹೇಳುವುದೆಂದರೆ ಕಟ್ಟಿಹಾಕಿದವರನ್ನು ಹೊಡೆದ ಹಾಗೆ. ಮೇಲಾಗಿ ಅಳಿಯ, ಅತ್ತೆಯ ಕೈಕೆಲಸಕ್ಕೆ ಅಳಿಯ ಕೊಂಕು ತೆಗೆಯುವುದುಂಟೆ? ಇದನ್ನು ಅವನು ಮರ್ಯಾದೆ ಎಂದುಕೊಂಡಿದ್ದ. ಅದು ಬರಿಯ ಹೇಡಿತನವಿರಬಹುದೆಂದು ಈಗ, ಒಂದು ಸತ್ತ ಕಾರ್ಡಿನ ಜೊತೆ ಬಸ್ಸಿನಲ್ಲಿ ಕೂತಾಗ, ಅನ್ನಿಸುತ್ತಿತ್ತು.

ಯಾಕೆಂದರೆ ತಿಂಗಳುಗಟ್ಟಲೆ ಹೇಳದೆ ನುಂಗಿದ್ದನ್ನು ಅವನು ನಿನ್ನೆ ಸಂಜೆ ಒಂದೇ ಉಸಿರಿನಲ್ಲಿ ಕಾರಿಬಿಟ್ಟಿದ್ದ. ಹಾಡುಗಳಿಗೆ ಅತ್ತೆಯ ಹಳೆಯ ಫೋಟೋಗಳನ್ನು ಜೋಡಿಸುವ ಕಡೆಯ ಕೆಲಸ ನಡೆದಿತ್ತು. ಪರದೆಯ ಮೇಲೆ ಮೊದಲು ಹಸಿರು ಗೆರೆಗಳು ಬಂದವು, ಆಮೇಲೆ ಅಂಜನಾಬಾಯಿಯ ಮುಖ ತುಂಡುತುಂಡಾಯಿತು, ಆಮೇಲೆ ಕಪ್ಪು. ಸುಟ್ಟ ವಾಸನೆ. ಅವನು ಕವಚವನ್ನು ಹಿಡಿದು ಕಿತ್ತ ರಭಸಕ್ಕೆ ಹೊಲಿಗೆ ಹರಿಯಿತು. "ಕಂಪ್ಯೂಟರಿಗಿ ಕುಲಾಯಿ ಹಾಕಂತ ಯಾರ್ ಹೇಳಿದ್ರು ನಿಮ್ಮವ್ವಗ? ಉಸರ ಕಟ್ಟಿ ಸತ್ತದ ನೋಡು!" ಎಂದು ಮಹಾಮಾಯಾಳ ಮೇಲೆ ಕೂಗಿದ್ದ. ಕೂಗಿ ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಅಂಜನಾಬಾಯಿ ನಿಂತಿದ್ದಳು. ಉಸಿರು ಎಂಬ ಮಾತಿಗೆ ಆಕೆಯ ಕೈ ತಾನಾಗಿ ಕುತ್ತಿಗೆಯ ಬಟ್ಟೆಯ ಕಡೆ ಹೋದದ್ದನ್ನು ಅವನು ಕಂಡ. ಎಂತೆಂಥ ಶಬ್ದಗಳಿದ್ದವು ಕನ್ನಡದಲ್ಲಿ. ಅವನ ಬಾಯಿಗೆ ಸಿಕ್ಕದ್ದು ಅದೊಂದೇ. ಆ ಮನೆಯಲ್ಲಿ ಒಂದು ರೂಢಿಯಾಗಿತ್ತು: ಅಂಜನಾಬಾಯಿ ಒಂದು ಚಪ್ಪಾಳೆ ತಟ್ಟಿದರೆ ಮಗಳು ಬರಬೇಕು, ಎರಡು ತಟ್ಟಿದರೆ ಅಳಿಯ. ಚಹಾ ಆಯಿತೆಂದು ಎರಡು, ಫೋನು ಬಂತೆಂದು ಎರಡು, ಏನೂ ಇಲ್ಲದಿದ್ದರೂ ಸುಮ್ಮನೆ ಎರಡು. ನಿನ್ನೆ ಸಂಜೆಯಿಂದ ಎರಡು ಚಪ್ಪಾಳೆ ಕೇಳಿರಲಿಲ್ಲ. ಬೆಳಿಗ್ಗೆ ಅವನ ಚಹಾವನ್ನು ಮಹಾಮಾಯಾ ತಂದಿಟ್ಟಿದ್ದಳು.

ಭಾಲ್ಕಿಯ ಮನೆಗೆ ಬಂದಾಗ ಮಹಾಮಾಯಾ ಬಿಳಿ ಸೀರೆ ಉಟ್ಟು ಔರಾದಿಗೆ ತಯಾರಾಗಿದ್ದಳು. ಫೋನಿನಲ್ಲಿ ತಂಗಿ ಉಜ್ವಲಾ, ಸ್ಪೀಕರ್ ಬಂದಿವೆ, ಚಾಪೆ ಹಾಸಿದ್ದಾಯಿತು, ಹೊರಟಿರೇನು ಎಂದು ಕೇಳುತ್ತಿರುವುದು ಅವನಿಗೂ ಕೇಳಿಸಿತು. ಮಹಾಮಾಯಾ ಫೋನನ್ನು ಎದೆಗೆ ಒತ್ತಿ ಹಿಡಿದು ಅವನನ್ನು ನೋಡಿದಳು.

"ಹಾಡು ಅವೋ ಇಲ್ಲೋ, ಅದಷ್ಟ ಹೇಳ್ರಿ."

"ಇರಬೇಕು."

"ಇರಬೇಕು ಅಂದ್ರ? ಅವ್ವ ಮುಂಜಾನಿಂದ ಏನೂ ಉಂಡಿಲ್ಲ. ಇಲ್ಲ ಅಂದ್ರ ಇಲ್ಲ ಅನ್ರಿ, ಹಂಗೇ ಹೋಗಿ ವಂದನಾ ಮಾಡ್ಕೊಂಡು ಬರ್ತೇವಿ. ಸುಳ್ಳ ಆಸೆ ಹಚ್ಚಬ್ಯಾಡ್ರಿ."

ಅಡುಗೆಮನೆಯಲ್ಲಿ ಹಿಟ್ಟು ನಾದುವ ಸದ್ದು. ಅಂಜನಾಬಾಯಿ ಹೊರಗೆ ಬರಲಿಲ್ಲ. ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟು, ತಲೆಕೆಳಗು ಮಾಡಿ ಸ್ಕ್ರೂವನ್ನು ಹೊರಗೆ ಬೀಳಿಸಿದ. ಕಾರ್ಡಿದ್ದ ಜಾಗ ಬಿದ್ದ ಹಲ್ಲಿನ ಹಾಗೆ ಬೋಳಾಗಿತ್ತು. ಕಾರ್ಡು ಬರುವ ಮೊದಲೂ ಈ ಕಂಪ್ಯೂಟರು ಚಿತ್ರ ತೋರಿಸುತ್ತಿತ್ತಲ್ಲ. ಅದರ ಬೋರ್ಡಿಗೇ ಅಂಟಿದ ಕಿಂಡಿ ಇನ್ನೂ ಅಲ್ಲೇ ಇತ್ತು, ಧೂಳು ಮುಕ್ಕಿ. ಊದಿ, ಪರದೆಯ ವೈರನ್ನು ಅಲ್ಲಿಗೆ ಚುಚ್ಚಿ, ಗುಂಡಿ ಒತ್ತಿದ. ಬೋರ್ಡಿನ ಗುರುತು ಪರದೆಯ ಮೇಲೆ ಮೂಡಿತು! ನಾಲ್ಕಾರು ಸಾಲು ಬಿಳಿ ಅಕ್ಷರ ಓಡಿದವು. ಆಮೇಲೆ ಮತ್ತೆ ಕಪ್ಪು, ಮೂಲೆಯಲ್ಲಿ ಮಿಣುಕುವ ಒಂದು ಅಡ್ಡಗೆರೆ ಮಾತ್ರ. ಆರಿಸಿ ಹಚ್ಚಿದ. ಮತ್ತೆ ಅದೇ. ಫೋನಿನಲ್ಲಿ ಹುಡುಕಿದರೆ ಜಗತ್ತಿನ ತುಂಬ ಕಪ್ಪು ಪರದೆಯ ಮುಂದೆ ಕೂತು ಗೋಳಿಡುತ್ತಿರುವವರು. ಅವರ ಊರು ಯಾವುದೋ, ಭಾಷೆ ಯಾವುದೋ, ಎಲ್ಲರದೂ ಇದೇ ಕಥೆ, ಕಾರ್ಡು ಸತ್ತಿತು, ಕಿತ್ತೆ, ಈಗ ಗೆರೆಯೊಂದು ಮಿಣುಕುತ್ತಿದೆ. ಇಷ್ಟು ಜನ ಬಂಧುಗಳಿದ್ದಾರೆಂದು ತಿಳಿದು ಅವನಿಗೆ ವಿಚಿತ್ರವಾದ ಧೈರ್ಯ ಬಂತು. ಅವರಲ್ಲೊಬ್ಬ ಇನ್ನೊಬ್ಬನಿಗೆ ಹೇಳಿದ್ದ: ಯಂತ್ರ ಸತ್ತಿಲ್ಲ, ಚಿತ್ರ ಬರೆಯಲು ಗೊತ್ತಾಗದೆ ನಿಂತಿದೆ, ಚಿತ್ರವನ್ನು ಬಿಟ್ಟು ಅಕ್ಷರದಲ್ಲಿ ಮಾತಾಡಿಸಿ ನೋಡು.

ಕಂಟ್ರೋಲ್, ಆಲ್ಟ್, ಎಫ್ ಮೂರು. ಮೂರನ್ನೂ ಒಟ್ಟಿಗೆ ಒತ್ತಿದಾಗ ಪರದೆ ಒಮ್ಮೆ ಕಣ್ಣು ಹೊಡೆದು, ನಿನ್ನ ಹೆಸರೇನು ಎಂದು ಇಂಗ್ಲಿಷಿನಲ್ಲಿ ಕೇಳಿತು. ಹೇಳಿದ. ಪಾಸ್‌ವರ್ಡ್ ಕೇಳಿತು. ಒತ್ತುವಾಗ ಅಕ್ಷರವಿರಲಿ ಒಂದು ಚುಕ್ಕೆಯೂ ಕಾಣಲಿಲ್ಲ. ಕತ್ತಲಲ್ಲಿ ಕೀಲಿ ತಡಕಿದ ಹಾಗೆ ಒತ್ತಿದ. ಒಳಗೆ ಬಿಟ್ಟುಕೊಂಡಿತು. ಹಾಡುಗಳನ್ನಿಟ್ಟ ಕಡೆ ಹೋಗಿ, ಏನೇನಿದೆ ತೋರಿಸು ಎಂದು ಕೇಳಿದ. ಪರದೆಯ ಮೇಲೆ ಸಾಲುಸಾಲಾಗಿ ಬಂದದ್ದು ಸಣ್ಣ ಸಣ್ಣ ವಜ್ರಾಕಾರದ ಚುಕ್ಕೆಗಳು, ಒಂದರ ಹಿಂದೆ ಒಂದು, ಇರುವೆಗಳು ಸತ್ತು ಬಿದ್ದ ಹಾಗೆ. ಎಲ್ಲ ಹಾಳಾಗಿದೆ ಎಂದುಕೊಂಡ. ಮಹಾಮಾಯಾಳ ಮುಖ ನೋಡುವುದಕ್ಕೆ ಆಗದೆ ಗೋಡೆ ನೋಡಿದ. ಆಗ ನೆನಪಾಯಿತು: ಕಡತಗಳಿಗೆಲ್ಲ ಅವನು ಕನ್ನಡದಲ್ಲಿ ಹೆಸರಿಟ್ಟಿದ್ದ. ಬೀಸುವ ಹಾಡು ಎಂದೊಂದು, ತೊಟ್ಟಿಲ ಹಾಡು ಎಂದೊಂದು. ಅತ್ತೆ ಹಾಡಿದ್ದು ಕನ್ನಡ, ಅದಕ್ಕೆ ಇಂಗ್ಲಿಷ್ ಹೆಸರು ಯಾಕೆ ಎಂಬ ಹಟ. ಈ ಬೋಳು ಅಕ್ಷರದ ಪರದೆಗೆ ಕನ್ನಡ ಬರೆಯಲು ಬಾರದು, ಅದಕ್ಕೇ ಚುಕ್ಕೆ. ಹಾಗಾದರೆ ಚುಕ್ಕೆಗಳಷ್ಟೂ ಹಾಡೇ? ಇಲ್ಲವೇ ಚುಕ್ಕೆಗಳಷ್ಟೂ ಚುಕ್ಕೆಯೇ? ಕೇಳದೆ ತಿಳಿಯುವ ದಾರಿ ಇರಲಿಲ್ಲ, ಕೇಳೋಣವೆಂದರೆ ಆ ಹೆಸರುಗಳನ್ನು ಅಲ್ಲಿ ಒತ್ತಲೂ ಬರುತ್ತಿರಲಿಲ್ಲ. ಅವನು ಹೆಸರಿನ ಜಾಗದಲ್ಲಿ ಒಂದು ನಕ್ಷತ್ರ ಗುರುತು ಹಾಕಿದ. ಯಾವುದಾದರೂ ಸರಿ, ಎಲ್ಲವನ್ನೂ ಹಾಡು ಎಂದು ಅದರರ್ಥ. ಸ್ಪೀಕರಿನ ಕಿವಿ ಪೂರ್ತಿ ತಿರುವಿ, ಎಂಟರ್ ಒತ್ತಿದ.

ಮೊದಲು ಬರಿಯ ಗರಗರ. ಆಮೇಲೆ ಯಾರೋ ಕೆಮ್ಮಿದರು. ಆಮೇಲೆ ಬಂತು, ಮನೆಯ ಗೋಡೆಗೆ ಬಡಿಯುವಷ್ಟು ಜೋರಾಗಿ, ಒರಟಾಗಿ, ತುಂಬಿಕೊಂಡು:

ಬೀಸೋ ಕಲ್ಲಿನ ಬಾಯಿಗಿ ಬಿಳಿಜ್ವಾಳ ಸುರುವೇನ
ಭೀಮರಾಯನ ಹೆಸರ ಹಿಡಿದೇನ, ನನ ಮಗಳ
ಸಾಲಿಯ ಹಾದಿ ತೋರೇನ

ಮಹಾಮಾಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಅಡುಗೆಮನೆಯಲ್ಲಿ ಹಿಟ್ಟಿನ ಸದ್ದು ನಿಂತಿತು. ಸಂಘಪಾಲ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಅವನ ಮೈಯ ಎಲ್ಲ ಗಂಟುಗಳೂ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಸಂತೋಷವೆಂದರೆ ಎದ್ದು ಕುಣಿಯುವುದು ಎಂದು ತಿಳಿದಿದ್ದ. ಇದು ಹಾಗಲ್ಲ, ದಿನವಿಡೀ ಹೊತ್ತ ಜೋಳದ ಚೀಲವನ್ನು ಯಾರೋ ಹಿಂದಿನಿಂದ ಬಂದು ಮೆಲ್ಲಗೆ ಇಳಿಸಿಕೊಂಡ ಹಾಗಿತ್ತು. ಪರದೆ ಇನ್ನೂ ಕಪ್ಪಾಗಿಯೇ ಇತ್ತು. ಕಪ್ಪಾಗಿದ್ದರೆ ಇರಲಿ. ಅಂಜನಾಬಾಯಿ ಬಾಗಿಲಿಗೆ ಬಂದು ನಿಂತಳು, ಮೊಣಕೈವರೆಗೂ ಹಿಟ್ಟು. ತನ್ನ ಧ್ವನಿ ಎಲ್ಲಿಂದ ಬರುತ್ತಿದೆ ಎಂದು ಕಣ್ಣಿನಿಂದ ಹುಡುಕಿ, ಚುಕ್ಕೆ ತುಂಬಿದ ಪರದೆಯನ್ನು ನೋಡಿ, ಅಲ್ಲೇ ಚೌಕಟ್ಟಿಗೆ ಆನಿಕೊಂಡಳು. ಆಕೆಯ ತುಟಿ ಹಾಡಿನ ಜೊತೆ ಆಡತೊಡಗಿತು. ಕುತ್ತಿಗೆಯ ಬಿಳಿ ಬಟ್ಟೆ ಉಸಿರಿಗೆ ಏರಿ ಇಳಿಯುತ್ತಿತ್ತು.

ಆಗ ಹಾಡು ನಡುವೆ ಗಕ್ಕನೆ ನಿಂತಿತು. ಸಂಘಪಾಲನಿಗೆ ಗಾಬರಿಯಾಗಿ, ಆಮೇಲೆ ಮುಂದೆ ಏನು ಬರಲಿದೆ ಎಂದು ನೆನಪಾಗಿ ಇನ್ನೂ ಗಾಬರಿಯಾಯಿತು. ಇದು ಕತ್ತರಿಸಿ ಚೊಕ್ಕ ಮಾಡುವ ಮೊದಲಿನ ಪ್ರತಿ. ನಕ್ಷತ್ರಕ್ಕೆ ಚೊಕ್ಕದ್ದೂ ಒಂದೇ, ಹಸಿಯದೂ ಒಂದೇ. ನಿಲ್ಲಿಸಲು ಅವನು ಕೈ ಚಾಚಿದ, ಆದರೆ ತಡವಾಗಿತ್ತು.

"ಏ ತಡೀರಿ, ತಡೀರಿ," ಎಂದಿತು ಸ್ಪೀಕರಿನಿಂದ ಅಂಜನಾಬಾಯಿಯ ಧ್ವನಿ. "ಒಂದೇ ಸಾಲ ಎರಡ ಸಲ ಹಾಡಿದೆ ಅಲ್ಲಾ ನಾ?"

"ಇರ್ಲಿ ಬಿಡ್ರಿ ಅತ್ತಿ, ಚಂದ ಅದ," ಎಂದಿತು ಅವನದೇ ಧ್ವನಿ, ಮೆತ್ತಗೆ, ಬೆಣ್ಣೆ ಸವರಿ. ತನ್ನ ಧ್ವನಿ ಇಷ್ಟು ಕಳ್ಳಧ್ವನಿ ಎಂದು ಅವನಿಗೆ ಗೊತ್ತಿರಲಿಲ್ಲ.

"ಏನ್ ಚಂದ ಅದ! ತಪ್ಪ ಅದ ಅಂತ ಬಾಯಿ ಬಿಟ್ಟು ಹೇಳಲಾಕ ಏನ್ ಆಗ್ತದ ನಿಮಗ? ನಾ ಏನ್ ಬೆಲ್ಲ ಇದ್ದೇನಾ, ಕರಗಲಾಕ? ಅಳಿಯ ಅಂದ್ರ ಬಾಯಿಗಿ ಕೀಲಿ ಹಾಕ್ಕೊಂಡು ಕೂಡಬೇಕಂತ ಎಲ್ಲಿ ಬರದದ? ಮಹಾಮಾಯಾ, ನಿನ್ನ ಗಂಡಗ ಜಗಳ ಆಡೋದು ಕಲಸವ್ವ ಒಂದೀಟ. ಹೊಟ್ಟ್ಯಾಗ ಇಟ್ಕೊಂಡು ಇಟ್ಕೊಂಡು ಒಂದಿನ ಒಡದು ಬೀಳ್ತಾನ."

ಆಮೇಲೆ ಸ್ಪೀಕರಿನಲ್ಲಿ ಮೂವರೂ ನಕ್ಕರು. ಮನೆಯಲ್ಲಿ ಯಾರೂ ನಗಲಿಲ್ಲ. ಸಂಘಪಾಲ ಹಾಡನ್ನು ನಿಲ್ಲಿಸಿದ. ನಿನ್ನೆಯಿಂದ ಅವನಿಗೆ ಬೇಕಾಗಿದ್ದದ್ದು ಇದೇ, ಒಂದು ಬೈಗುಳ. ಬೈಯಬೇಕಾದವರಿಗೆ ಧ್ವನಿಯಿರಲಿಲ್ಲ, ಇದ್ದ ಕಾಲದಲ್ಲೇ ಬೈದು, ಅವನ ಕಂಪ್ಯೂಟರಿನಲ್ಲೇ ಇಟ್ಟುಹೋಗಿದ್ದರು. ಅವನು ಎದ್ದು ನಿಂತ. ಜೇಬಿನಿಂದ ನೀಲಿ ಎಳೆಯನ್ನು ತೆಗೆದು ಅಂಗೈಯಲ್ಲಿಟ್ಟು ಚಾಚಿದ. ಬಸ್ಸಿನಲ್ಲಿ ಒಂದು ಸುಳ್ಳು ತಯಾರು ಮಾಡಿಕೊಂಡಿದ್ದ, ಕರೆಂಟು ಏರುಪೇರಾಗಿ ಸುಟ್ಟಿತೆಂದು ಹೇಳಬೇಕೆಂದು. ಅದು ಬಾಯಿಗೆ ಬರಲಿಲ್ಲ.

"ಅತ್ತಿ, ಇದು ಫ್ಯಾನಿಗಿ ಸಿಕ್ಕೊಂಡಿತ್ರಿ. ಬೆನ್ನಿನ ಕಡಿ ಗಾಳಿ ಆಡಲಾಕ ಕಿಂಡಿ ಅವ, ನಿಮ್ಮ ಕುಲಾಯಿ ಅವೆಲ್ಲಾ ಮುಚ್ಚಿತ್ತು. ಹಾಕಿದ ದಿನಾನೇ ನನಗ ಗೊತ್ತಿತ್ರಿ. ಗೊತ್ತಿದ್ದೂ ಚಂದ ಅದ ಅಂದೆ. ನಿನ್ನಿ ಅಂಥಾ ಮಾತ ಆಡಿದೆ. ತಪ್ಪ ನಂದು ಅದ, ಬೈರಿ."

ಬೈರಿ ಎಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅಂಜನಾಬಾಯಿ ಹಿಟ್ಟಿನ ಬೆರಳಲ್ಲಿ ಎಳೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅವನನ್ನು ನೋಡಿದಳು. ಆಮೇಲೆ ಸ್ಪೀಕರಿನ ಕಡೆ ಗದ್ದ ತಿರುವಿ, ಬೈದದ್ದು ಆಯಿತಲ್ಲ, ಕೇಳಲಿಲ್ಲವೇ ಎಂಬಂತೆ ಕೈ ಬೀಸಿ, ತೊಡೆ ತಟ್ಟಿಕೊಂಡು ನಕ್ಕಳು. ಸದ್ದಿಲ್ಲದ ನಗೆ, ಭುಜ ಕುಲುಕುವ ನಗೆ, ಕಣ್ಣಲ್ಲಿ ನೀರು. ಮಹಾಮಾಯಾ ಅಳುತ್ತಲೇ, "ಜಗಳ ಆಡಲಾಕ ಕಲತ್ರಿ ನೋಡ್ರಿ ಕಡೀಕ" ಎಂದಳು. ಅಂಜನಾಬಾಯಿ ಕೈ ತೊಳೆಯಲು ಒಳಗೆ ಹೋದಳು.

ಉಳಿದದ್ದು ಸಣ್ಣ ಕೆಲಸ. ಕಾರ್ಡು ಕೊಂಡು ತಂದಾಗ, ಇನ್ನು ಮುಂದೆ ಚಿತ್ರವನ್ನೆಲ್ಲ ಈ ಕಾರ್ಡಿನ ಮೂಲಕವೇ ತೋರಿಸತಕ್ಕದ್ದು ಎಂದು ಅವನೇ ಒಂದು ಕಡತದಲ್ಲಿ ಕಾರ್ಡಿನ ಹೆಸರು ಹಿಡಿದು ಅಪ್ಪಣೆ ಬರೆದಿಟ್ಟಿದ್ದ, ಬರೆದು ಮರೆತಿದ್ದ. ಪಾಪ, ಕಂಪ್ಯೂಟರು ತನ್ನ ಕೆಲಸವೆಲ್ಲ ಮುಗಿಸಿ, ತೋರಿಸುವ ಹೊತ್ತಿಗೆ ಸತ್ತ ಕಾರ್ಡಿನ ದಾರಿ ಕಾಯುತ್ತ ನಿಂತುಬಿಡುತ್ತಿತ್ತು. ಅವನು ಆ ಕಡತವನ್ನು ಅಲ್ಲಿಂದ ಎತ್ತಿ ಬೇರೆ ಕಡೆಗೆ ಸರಿಸಿ, ಮತ್ತೆ ಹಚ್ಚಿದ. ಗುರುತು ಬಂತು, ಬಿಳಿ ಸಾಲು ಓಡಿದವು, ಕಪ್ಪಾಯಿತು. ಒಂದು ಗಳಿಗೆ. ಆಮೇಲೆ ಪರದೆ ಬೆಳಗಿ, ಅಂಜನಾಬಾಯಿ ಔರಾದಿನ ವಿಹಾರದ ಮೆಟ್ಟಿಲ ಮೇಲೆ ಬಾಯಿ ತುಂಬ ನಗುತ್ತ ಕೂತ ಚಿತ್ರ ಅಖಂಡವಾಗಿ ಮೂಡಿತು. ಚಿತ್ರದ ಬಣ್ಣ ಕೊಂಚ ಮಂಕು, ಅಂಚು ಕೊಂಚ ಮಸುಕು. ಸಾಕು. ಮಹಾಮಾಯಾ ಉಜ್ವಲಾಗೆ ಫೋನು ಮಾಡಿ, "ಅವ ಅವ, ಎಲ್ಲಾ ಹಾಡೂ ಅವ, ಬರ್ತೇವಿ, ಚಾಪಿ ಮಡಚಬ್ಯಾಡ್ರಿ" ಎಂದು ಕೂಗುತ್ತಿದ್ದಳು. ಸಂಘಪಾಲ ಹಾಡುಗಳನ್ನು ಪೆನ್ ಡ್ರೈವಿಗೆ ಹಾಕಿದ, ಫೋನಿಗೆ ಹಾಕಿದ, ಹೆಂಡತಿಯ ಫೋನಿಗೂ ಹಾಕಿದ. ಹಸಿ ಪ್ರತಿಯನ್ನು ಕತ್ತರಿಸಲಿಲ್ಲ. ಔರಾದಿನ ಹೆಂಗಸರೂ ಆ ಬೈಗುಳ ಕೇಳಿ ನಗಲಿ.

ಪ್ರತಿಯಾಗುವುದನ್ನು ನೋಡುತ್ತ ಕೂತಾಗ ಹಸಿವೆಯಾಗುತ್ತಿದೆ ಎಂದು ಗೊತ್ತಾಯಿತು. ಹಿಂದಿನಿಂದ ಕತ್ತರಿಯ ಸದ್ದು ಕೇಳಿ ತಿರುಗಿದ. ಅಂಜನಾಬಾಯಿ ಹರಿದ ನೀಲಿ ಕುಲಾಯಿಯನ್ನು ತೊಡೆಯ ಮೇಲೆ ಹಾಸಿಕೊಂಡು, ಬೆನ್ನಿನ ಕಡೆಗೆ ಅಂಗೈಯಗಲದ ಚೌಕವನ್ನು ಕತ್ತರಿಸಿ ತೆಗೆದು, ಎಳೆ ಬಿಡದ ಹಾಗೆ ಅದರ ಅಂಚನ್ನು ಹೊಲಿಯುತ್ತಿದ್ದಳು. ಮುಗಿಸಿ ತಂದು, ಡಬ್ಬಿಗೆ ತೊಡಿಸಿ, ಕಿಂಡಿಗಳ ಎದುರಿಗೆ ಅಂಗೈ ಹಿಡಿದು ಗಾಳಿ ಬರುತ್ತದೆಯೇ ಎಂದು ನೋಡಿದಳು. ಆಮೇಲೆ ಅವನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಸಂಘಪಾಲ ಅತ್ತ ಇತ್ತ ನೋಡಿ, ಗಂಟಲು ಸರಿಮಾಡಿಕೊಂಡ.

"ಒಂದ್ ಕಡಿ ಕಿಂಡಿ ಇನ್ನಾ ಮುಚ್ಚ್ಯಾವ್ರಿ ಅತ್ತಿ," ಎಂದ. "ಒಂದೀಟ ಇನ್ನಾ ಕತ್ತರಸಬೇಕು."

ಆಕೆ ಅವನ ತಲೆಯ ಮೇಲೆ ಒಂದು ಮೊಟಕಿ, ಕತ್ತರಿಯನ್ನು ಅವನ ಕೈಗೇ ಕೊಟ್ಟು ಒಳಗೆ ಹೋದಳು. ಅವನು ನಾಲಿಗೆ ಹೊರಗೆ ಹಾಕಿಕೊಂಡು ಕತ್ತರಿಸುತ್ತಿರುವಾಗ ಅಡುಗೆಮನೆಯಿಂದ ಬಿಸಿ ರೊಟ್ಟಿಯ ವಾಸನೆ ಬಂತು. ಅದರ ಹಿಂದೆಯೇ ಎರಡು ಚಪ್ಪಾಳೆ.

"ಬಂದೆರೀ!" ಎಂದು ಸಂಘಪಾಲ ಮನೆಯೆಲ್ಲ ಕೇಳುವ ಹಾಗೆ ಕೂಗಿದ.